ಅಲ್ಪರಾಷ್ಟ್ರಗಳೂ ಭದ್ರತಾ ಮಂಡಲಿಯ ಪೀಠವೂ

ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಎರಡು ವರ್ಷದ ಪೀಠಕ್ಕಾಗಿ ಯಾವುದೋ ಅಲ್ಪರಾಷ್ಟ್ರವು ಉಮೇದುವಾರಿಕೆಯನ್ನು ಸಲ್ಲಿಸಿತೆಂಬ ವಾರ್ತೆ ಬಂದಾಗಲೆಲ್ಲ, ಬೆಂಗಳೂರು ದಂಡಿನಲ್ಲಿಯೂ ಇಂದಿರಾನಗರದಲ್ಲಿಯೂ ಇರುವ ವಿದ್ಯಾವಂತರ ಪಡಸಾಲೆಗಳಲ್ಲಿ ಒಂದು ಬಗೆಯ ತಿರಸ್ಕಾರದ ನಗೆ ಏಳುವುದು ವಾಡಿಕೆಯಾಗಿಬಿಟ್ಟಿದೆ. ೨೦೧೯ನೆಯ ಇಸವಿಯ ಜೂನ್ ತಿಂಗಳಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ಎಂಬ ದ್ವೀಪರಾಷ್ಟ್ರವು ಎಲ್ ಸಾಲ್ವಡಾರ್ ದೇಶವನ್ನು ೧೮೫ಕ್ಕೆ ೬ ಮತಗಳಿಂದ ಸೋಲಿಸಿ ಆ ಪೀಠವನ್ನು ಪಡೆಯಿತು. ಆ ದ್ವೀಪಗಳ ಒಟ್ಟು ಜನಸಂಖ್ಯೆ ಸುಮಾರು ಒಂದು ಲಕ್ಷದ ಹತ್ತು ಸಾವಿರ. ಶಿವಾಜಿನಗರದ ಒಂದೇ ವಿಧಾನಸಭಾ ಕ್ಷೇತ್ರದ ಮತದಾರರು ಅದಕ್ಕಿಂತ ಹೆಚ್ಚು. ನಗುವವರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಒಂದು ಪೇಟೆಯಷ್ಟು ಜನವಿಲ್ಲದ ದ್ವೀಪಕ್ಕೆ ಲೋಕದ ಯುದ್ಧಶಾಂತಿಗಳ ಗೊಡವೆ ಏತಕ್ಕೆ, ನೂರನಾಲ್ವತ್ತು ಕೋಟಿ ಜನರ ಭಾರತವು ಬಾಗಿಲ ಹೊರಗೆ ನಿಂತಿರಲು ಈ ಅಂಗೈಯಗಲದ ನಾಡು ಒಳಗೆ ಕುಳಿತು ಮಾಡುವುದೇನು, ಪೀಠವೆಂದರೆ ಕಾಯಂ ಪೀಠ, ವೀಟೊ ಉಳ್ಳ ಪೀಠ, ಮಿಕ್ಕದ್ದೆಲ್ಲ ಮದುವೆಮನೆಯ ಬಾಡಿಗೆ ಕುರ್ಚಿ— ಇದು ಪೂರ್ವಪಕ್ಷ.

ಈ ಪೂರ್ವಪಕ್ಷವು ಕೇಳುವುದಕ್ಕೆ ದೇಶಾಭಿಮಾನದ ಮಾತಿನಂತಿದೆ. ವಾಸ್ತವದಲ್ಲಿ ಅದು ಮರೆವಿನ ಮಾತು. ಭಾರತಕ್ಕೆ ಆ ಮಂಡಲಿಯಲ್ಲಿ ದೊರೆತಿರುವ ಗೌರವವೆಲ್ಲವೂ ಬಾಡಿಗೆ ಕುರ್ಚಿಯೆಂದು ಇವರು ಜರೆಯುವ ಪೀಠದಿಂದಲೇ ದೊರೆತದ್ದು. ಅದನ್ನು ಮೊದಲು ಗಳಿಸಿಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದವರು. ಅಂಥ ಪೀಠವಿಲ್ಲದಾಗ ಆಗುವ ಅವಸ್ಥೆ ಏನೆಂಬುದನ್ನು ಕಣ್ಣಾರೆ ಕಂಡವರು ಮೈಸೂರಿನ ದಿವಾನರು. ಇಷ್ಟನ್ನು ಮರೆತು ನಗುವವರಿಗೆ ಇತಿಹಾಸವನ್ನು ಒಂದಿಷ್ಟು ನೆನಪು ಮಾಡಿಕೊಡುವುದು ಅವಶ್ಯ.

ಮಂಡಲಿಯ ಕಟ್ಟಳೆ ಹೆಚ್ಚಿನ ವಾಚಕರಿಗೆ ಪರಿಚಿತವೇ ಆಗಿದೆ. ಒಟ್ಟು ೧೫ ಪೀಠಗಳು. ಅವುಗಳಲ್ಲಿ ಐದು ಅಮೆರಿಕ, ರಷ್ಯಾ, ಚೀನ, ಬ್ರಿಟನ್, ಫ್ರಾನ್ಸ್ ದೇಶಗಳ ಪಾಲಿನ ಕಾಯಂ ಪೀಠಗಳು. ಯಾವ ಮುಖ್ಯ ನಿರ್ಣಯವನ್ನಾದರೂ ಇವುಗಳಲ್ಲೊಂದು ತನ್ನೊಂದೇ ಮತದಿಂದ ತಡೆಯಬಹುದು. ಮಿಕ್ಕ ಹತ್ತು ಪೀಠಗಳಿಗೆ ಮಹಾಸಭೆಯು ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ಎರಡೆರಡು ವರ್ಷಕ್ಕೆ ಸದಸ್ಯರನ್ನು ಆರಿಸುತ್ತದೆ. ಅವಧಿ ಮುಗಿದ ಕೂಡಲೆ ಅದೇ ದೇಶವನ್ನು ಪುನಃ ಆರಿಸುವಂತಿಲ್ಲ. ೧೯೪೫ರಲ್ಲಿ ವಿಶ್ವಸಂಸ್ಥೆಯಲ್ಲಿ ೫೧ ರಾಷ್ಟ್ರಗಳಿದ್ದಾಗ ಮಂಡಲಿಯಲ್ಲಿ ೧೧ ಪೀಠಗಳಿದ್ದವು, ಎಂದರೆ ಐದು ರಾಷ್ಟ್ರಗಳಿಗೆ ಒಂದು ಪೀಠದ ಲೆಕ್ಕ. ಈಗ ರಾಷ್ಟ್ರಗಳು ೧೯೩. ಹದಿಮೂರಕ್ಕೆ ಒಂದು. ಸಂಸ್ಥೆಯನ್ನು ಸೇರಿ ದಶಕಗಳೇ ಕಳೆದರೂ ಆ ಬಾಗಿಲನ್ನು ಒಮ್ಮೆಯೂ ದಾಟದ ರಾಷ್ಟ್ರಗಳು ಐವತ್ತಕ್ಕೂ ಮೀರಿವೆ. ಊಟಕ್ಕೆ ಕರೆದು, ಎಲೆ ಹಾಕಿ, ಐವರಿಗೆ ಮಾತ್ರ ಬೇಕಾದಷ್ಟು ಬಡಿಸಿ, ಉಳಿದವರನ್ನು ಸರದಿಯ ಮೇಲೆ ಎಬ್ಬಿಸಿ ಕೂರಿಸುವ ಪಂಕ್ತಿಭೇದ ಇದಕ್ಕಿಂತ ಬೇರೆ ಉಂಟೆ?

ಪಂಕ್ತಿಭೇದದ ಅನುಭವವು ಬೆಂಗಳೂರು ದಂಡಿಗೆ ಹೊಸದಲ್ಲ. ೧೮೦೯ರಲ್ಲಿ ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿಗೆ ಬಂದು ನೆಲಸಿತು. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ಈ ದಂಡನ್ನು ಮಾತ್ರ ಬ್ರಿಟಿಷರು ಪ್ರತ್ಯೇಕವಾಗಿ ಇರಿಸಿಕೊಂಡು ರೆಸಿಡೆಂಟರ ಆಡಳಿತಕ್ಕೆ ಒಪ್ಪಿಸಿದರು. ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಅದರ ಮಾತು ದಂಡಿನ ಗಡಿಯ ಈಚೆಗೆ ನಿಂತಿತು. ಈಗಿನ ಶಿವಾಜಿನಗರವಾದ ಅಂದಿನ ಬ್ಲ್ಯಾಕ್‌ಪಲ್ಲಿಯ ವರ್ತಕರೂ, ಹಲಸೂರಿನ ಕೂಲಿಗಳೂ, ಸಿಪಾಯಿಗಳ ಸಂಸಾರಗಳೂ ೧೯೪೭ರ ಜುಲೈ ೨೬ರವರೆಗೆ, ಎಂದರೆ ದಂಡು ಮೈಸೂರಿಗೆ ಮರಳುವವರೆಗೆ, ತಮ್ಮ ಸುತ್ತಲಿನ ನಾಡಿನ ಸಭೆಯಲ್ಲಿ ಪಾಲಿಲ್ಲದೆ ಬಾಳಿದರು. ಸೈನ್ಯವು ಎಲ್ಲಿಗೆ ಹೊರಡಬೇಕೆಂಬ ಮಾತಿನಲ್ಲಂತೂ ಯಾರೂ ಅವರನ್ನು ಕೇಳಲಿಲ್ಲ. ಬ್ರಿಗೇಡ್ ರಸ್ತೆಯ ತುದಿಯಲ್ಲಿ ನಿಂತಿರುವ ಮದ್ರಾಸು ಪಯೊನಿಯರ್ ದಳಗಳ ಸ್ಮಾರಕವನ್ನು ದಿನವೂ ಸಾವಿರಾರು ಜನ ನೋಡದೆಯೇ ದಾಟಿಹೋಗುತ್ತಾರೆ. ಮುನಿರೆಡ್ಡಿಪಾಳ್ಯದ ಕಡೆ ಮೈಸೂರು ಲಾನ್ಸರ್ಸ್ ಪಡೆಯ ಸ್ಮಾರಕವಿದೆ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದ ಕುದುರೆಪಡೆಗಳಲ್ಲಿ ಅದೂ ಒಂದು.

ಆ ಮಹಾಯುದ್ಧದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳು ಮಡಿದರು. ಅದರ ಪ್ರತಿಫಲವೆಂಬಂತೆ ೧೯೧೯ರಲ್ಲಿ ವರ್ಸೇಯ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ರುಜು ಬಿತ್ತು, ರಾಷ್ಟ್ರಸಂಘದ ಮೂಲಸದಸ್ಯರ ಪಟ್ಟಿಯಲ್ಲಿ ಭಾರತದ ಹೆಸರೂ ಸೇರಿತು. ಆದರೆ ರುಜು ಮಾಡಿದವರಲ್ಲಿ ಒಬ್ಬರು ಭಾರತದ ಮಂತ್ರಿಯೆನಿಸಿಕೊಂಡ ಲಂಡನ್ನಿನ ಮಾಂಟೆಗೂ ಸಾಹೇಬರು, ಮತ್ತೊಬ್ಬರು ಬಿಕಾನೇರಿನ ಮಹಾರಾಜರು. ಆ ಸಂಘದ ಆಡಳಿತ ಮಂಡಲಿಯಲ್ಲಿ ಭಾರತಕ್ಕೆ ಕೊನೆಯವರೆಗೂ ಒಂದು ಅವಧಿಯ ಪೀಠವೂ ಸಿಕ್ಕಲಿಲ್ಲ. ಹೆಣ ಹೊರುವುದಕ್ಕೆ ಹೆಗಲು ಬೇಕು, ಸಭೆಗೆ ಬಾಯಿ ಬೇಡ ಎಂಬ ನ್ಯಾಯ ಅದು.

೧೯೪೫ರ ಏಪ್ರಿಲ್ ತಿಂಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಐವತ್ತು ರಾಷ್ಟ್ರಗಳು ಕೂಡಿ ಹೊಸ ಸಂಸ್ಥೆಯ ಸನ್ನದನ್ನು ಬರೆಯಲು ಕುಳಿತಾಗ ಭಾರತದ ನಿಯೋಗದ ಮುಖಂಡರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಮರುವರ್ಷ ಅವರು ಮೈಸೂರಿನ ದಿವಾನರಾದರು. ಆ ಸಭೆಯಲ್ಲಿ ಆಸ್ಟ್ರೇಲಿಯದ ಎವಾಟ್, ನ್ಯೂಜಿಲೆಂಡಿನ ಫ್ರೇಸರ್ ಮೊದಲಾದವರು ವೀಟೊ ಎಂಬ ನಿಷೇಧಾಧಿಕಾರವನ್ನು ಬಲವಾಗಿ ವಿರೋಧಿಸಿದರು. ಆಗ ಅಮೆರಿಕದ ಸೆನೆಟರ್ ಟಾಮ್ ಕಾನಲಿಯವರು ಸನ್ನದಿನ ಪ್ರತಿಯೊಂದನ್ನು ಎಲ್ಲರೆದುರು ಹರಿದು ಮೇಜಿನ ಮೇಲೆಸೆದು, ವೀಟೊವನ್ನು ಕೊಂದರೆ ಸನ್ನದನ್ನೇ ಕೊಂದಂತೆ ಎಂದು ತೋರಿಸಿಕೊಟ್ಟರು. ಸಣ್ಣ ರಾಷ್ಟ್ರಗಳು ಬಾಯಿ ಮುಚ್ಚಿಕೊಂಡವು. ಒಪ್ಪಿಗೆಯೆಂದು ಇಂದು ದೊಡ್ಡವರು ಹೇಳಿಕೊಳ್ಳುವುದು ಇಂಥ ಒಪ್ಪಿಗೆಯನ್ನು.

ಪೀಠವಿಲ್ಲದ ದೇಶದ ಪಾಡೇನೆಂಬುದು ಭಾರತಕ್ಕೆ ಬಹು ಬೇಗ ತಿಳಿಯಿತು. ೧೯೪೭ರ ಶರತ್ಕಾಲದಲ್ಲಿ, ಸ್ವಾತಂತ್ರ್ಯ ಬಂದು ಎರಡು ಮೂರು ತಿಂಗಳು ಕಳೆಯುವುದರೊಳಗೆ, ಭಾರತವು ಮಂಡಲಿಯ ಚುನಾಯಿತ ಪೀಠಕ್ಕೆ ನಿಂತಿತು. ಎದುರಾಳಿ ಸೋವಿಯತ್ ಒಕ್ಕೂಟದ ಯುಕ್ರೇನ್. ಸುತ್ತಿನ ಮೇಲೆ ಸುತ್ತು ಮತದಾನ ನಡೆಯಿತು. ಮೂರರಲ್ಲಿ ಎರಡು ಪಾಲು ಯಾರಿಗೂ ಸಿಕ್ಕದೆ ಹೋಗಿ ಕಡೆಗೆ ಭಾರತ ಹಿಂದೆ ಸರಿಯಿತು. ಮರುವರ್ಷದ ಆರಂಭದಲ್ಲಿ ಕಾಶ್ಮೀರದ ವಿವಾದವು ಅದೇ ಮಂಡಲಿಯ ಮುಂದೆ ಹೋಯಿತು. ೧೯೪೮ರ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನ ನಿಜಾಮರ ಸರ್ಕಾರವೂ ಭಾರತದ ಮೇಲೆ ಅಲ್ಲಿಗೇ ದೂರು ಒಯ್ದಿತು. ಗುಲ್ಬರ್ಗ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡಿಗರು ಯಾವ ರಾಜ್ಯದ ಪ್ರಜೆಗಳಾಗಿರಬೇಕೆಂಬ ಪ್ರಶ್ನೆಯೂ ಆ ದೂರಿನಲ್ಲಿ ಅಡಗಿತ್ತು. ಸೆಪ್ಟೆಂಬರ್ ೧೬ರಂದು ಮಂಡಲಿ ಅದನ್ನು ಎತ್ತಿಕೊಂಡಿತು. ಭಾರತದ ಪರವಾಗಿ ಅಲ್ಲಿ ಕುಳಿತವರು ಮೈಸೂರಿನ ದಿವಾನರಾದ ಅದೇ ಮೊದಲಿಯಾರರು.

ಕುಳಿತದ್ದೇನೋ ನಿಜ, ಆದರೆ ಆಹ್ವಾನಿತರಾಗಿ. ಸನ್ನದಿನ ಪ್ರಕಾರ ಮಂಡಲಿಯ ಸದಸ್ಯವಲ್ಲದ ಕಕ್ಷಿಯು ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಕೊಡುವಂತಿಲ್ಲ. ಕನ್ನಡದ ಮೂರು ಜಿಲ್ಲೆಗಳ ಹಣೆಬರಹದ ಮಾತು ಎದ್ದ ಮೇಜಿನಲ್ಲಿ ಮತವಿದ್ದವರು ಕೊಲಂಬಿಯ, ಬೆಲ್ಜಿಯಂ, ಸಿರಿಯಗಳಂಥ ದೇಶಗಳವರು, ಮತವಿಲ್ಲದವರು ಭಾರತದವರು. ನಿಜಾಮರ ಸೈನ್ಯ ಮರುದಿನವೇ ಶರಣಾದದ್ದರಿಂದ ಆ ದೂರಿನ ಕಾವು ಇಳಿಯಿತು ಎಂಬುದು ಬೇರೆ ಮಾತು. ನ್ಯೂಯಾರ್ಕಿನ ಮೇಜಿನ ಮುಂದೆ ಮತವಿಲ್ಲದೆ ಕುಳಿತ ದೊಡ್ಡ ದೇಶವೂ ಆ ಗಳಿಗೆಯಲ್ಲಿ ಸಣ್ಣ ದೇಶವೇ ಆಗಿರುತ್ತದೆ. ಕಾಯಂ ಪೀಠದ ಕನಸಿನಲ್ಲಿ ತೇಲುವವರು ಈ ದಿನವೊಂದನ್ನಾದರೂ ನೆನಪಿಟ್ಟುಕೊಂಡಿದ್ದರೆ ಪರರ ಉಮೇದುವಾರಿಕೆಯನ್ನು ಕಂಡು ನಗುತ್ತಿರಲಿಲ್ಲ.

೧೯೪೯ರ ಚುನಾವಣೆಯಲ್ಲಿ ಭಾರತ ಗೆದ್ದಿತು. ೧೯೫೦ರ ಜನವರಿಯಿಂದ ಆ ಪೀಠದಲ್ಲಿ ಕುಳಿತವರು ಬೆನೆಗಲ್ ನರಸಿಂಗರಾಯರು. ೧೮೮೭ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಮತ್ತು ಕೇಂಬ್ರಿಜ್‌ಗಳನ್ನು ಮುಗಿಸಿ ಸಿವಿಲ್ ಸರ್ವಿಸಿಗೆ ಸೇರಿದವರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ದೇಶದ ಮೂಲಶಾಸನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟವರು. ಮಂಡಲಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ಸರದಿಯ ಮೇಲೆ ಬರುವುದು. ೧೯೫೦ರ ಜೂನ್ ತಿಂಗಳ ಸರದಿ ಭಾರತದ್ದಾಗಿತ್ತು. ಜೂನ್ ೨೫ರಂದು ಉತ್ತರ ಕೊರಿಯದ ಸೈನ್ಯ ದಕ್ಷಿಣ ಕೊರಿಯಕ್ಕೆ ನುಗ್ಗಿತು. ಚೀನದ ಪೀಠದಲ್ಲಿ ತೈವಾನಿನವರು ಕುಳಿತಿದ್ದುದನ್ನು ಪ್ರತಿಭಟಿಸಿ ರಷ್ಯಾ ಸಭೆಗೇ ಬರುತ್ತಿರಲಿಲ್ಲ. ಹೀಗೆ ಎರಡನೆಯ ಮಹಾಯುದ್ಧದ ತರುವಾಯದ ಮೊದಲ ದೊಡ್ಡ ಯುದ್ಧದ ಹೊತ್ತಿಗೆ, ಎರಡು ವರ್ಷದ ಬಾಡಿಗೆ ಕುರ್ಚಿಯ ಸದಸ್ಯರೊಬ್ಬರು ಅಧ್ಯಕ್ಷರ ಪೀಠದಲ್ಲಿದ್ದರು.

ರಾಯರು ಏನು ಮಾಡಿದರು? ಆಕ್ರಮಣವು ನಿಲ್ಲಬೇಕೆಂಬ ಮೊದಲ ನಿರ್ಣಯಕ್ಕೆ ಮತ ಕೊಟ್ಟರು. ಜೂನ್ ೨೭ರ ಎರಡನೆಯ ನಿರ್ಣಯದ ವೇಳೆಗೆ ದೆಹಲಿಯ ಆದೇಶ ಬಂದಿರಲಿಲ್ಲ. ಈಜಿಪ್ಟಿನಂತೆ ಭಾರತವೂ ಮತದಾನದಲ್ಲಿ ಭಾಗವಹಿಸಲಿಲ್ಲ, ಎರಡು ದಿನದ ತರುವಾಯ ಒಪ್ಪಿಗೆ ತಿಳಿಸಿತು. ಅಮೆರಿಕದ ಸೇನಾಪತಿಯ ಕೈಗೆ ಎಲ್ಲರ ಸೈನ್ಯವನ್ನು ಒಪ್ಪಿಸುವ ಜುಲೈ ೭ರ ನಿರ್ಣಯದಲ್ಲಿ ತಟಸ್ಥವಾಗಿ ಉಳಿಯಿತು. ದಾಳಿ ತಪ್ಪೆಂದು ಹೇಳಬೇಕು, ಆದರೆ ಒಬ್ಬರ ಯುದ್ಧದ ಹಿಂಬಾಲಕರಾಗಬಾರದು— ಇದು ಕೂದಲೆಳೆಯ ಮೇಲಿನ ನಡಿಗೆ. ಇದನ್ನು ಚಂಚಲತೆಯೆಂದು ಆಗ ಹಳಿದವರುಂಟು, ಈಗಲೂ ಹಳಿಯುವವರುಂಟು.

ಆದರೆ ಈ ಚರ್ಚೆಗೆ ಮುಖ್ಯವಾದದ್ದು ಆಗಸ್ಟ್ ೧೪ರ ಸಲಹೆ. ಆ ತಿಂಗಳು ರಷ್ಯಾದ ಮಾಲಿಕ್ ಸಭೆಗೆ ಮರಳಿ ಬಂದು ಅಧ್ಯಕ್ಷರಾಗಿದ್ದರು. ದೊಡ್ಡವರ ಪರಸ್ಪರ ದೂಷಣೆಯಲ್ಲಿ ಮಂಡಲಿಯ ದಿನಗಳು ಕಳೆಯುತ್ತಿದ್ದವು. ಆಗ ರಾಯರು ಒಂದು ಮಾತು ಮುಂದಿಟ್ಟರು: ಕಾಯಂ ಸದಸ್ಯರಲ್ಲದ ಆರು ದೇಶಗಳದೇ ಒಂದು ಸಮಿತಿಯಾಗಲಿ, ಕೊರಿಯದ ಬಗ್ಗೆ ಬಂದಿರುವ ಸಲಹೆಗಳನ್ನೆಲ್ಲ ಅದು ಪರಿಶೀಲಿಸಿ ಶಾಂತಿಯ ದಾರಿಯನ್ನು ಸೂಚಿಸಲಿ. ಆ ಆರು ದೇಶಗಳು ಯಾವುವು? ಕ್ಯೂಬಾ, ಎಕ್ವಡಾರ್, ಈಜಿಪ್ಟ್, ನಾರ್ವೆ, ಯುಗೊಸ್ಲಾವಿಯ ಮತ್ತು ಭಾರತ. ಜಗಳದಲ್ಲಿ ಪಾಲಿಲ್ಲದವರೇ ಪಂಚಾಯ್ತಿಗೆ ಕೂರಲಿ ಎಂಬ, ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಒಪ್ಪಿಗೆಯಾಗಬಹುದಾದ ಸರಳ ನ್ಯಾಯವದು. ದೊಡ್ಡವರು ಅದಕ್ಕೆ ಸೊಪ್ಪು ಹಾಕಲಿಲ್ಲ. ಸಮಿತಿ ಹುಟ್ಟಲಿಲ್ಲ. ಯುದ್ಧ ಮತ್ತೆ ಮೂರು ವರ್ಷ ನಡೆದು, ಲಕ್ಷಾಂತರ ಜನರನ್ನು ನುಂಗಿ, ಹೆಚ್ಚುಕಡಿಮೆ ಹೊರಟ ಗೆರೆಯಲ್ಲಿಯೇ ಬಂದು ನಿಂತಿತು. ಆರು ಸಣ್ಣವರ ಸಮಿತಿಯು ಅದನ್ನು ತಡೆಯುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಐದು ದೊಡ್ಡವರು ತಡೆಯಲಿಲ್ಲವೆಂಬುದಕ್ಕೆ ಮಾತ್ರ ಪ್ರಮಾಣ ಬೇಕಿಲ್ಲ.

ಕರಾವಳಿಯ ಇನ್ನೊಂದು ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡಬೇಕು. ೧೯೬೧ರ ಡಿಸೆಂಬರ್ ೧೮ರಂದು ಕಾರವಾರದ ಪಕ್ಕದ ಗೋವೆಗೆ ಭಾರತದ ಸೈನ್ಯ ಪ್ರವೇಶಿಸಿತು. ಪೋರ್ಚುಗಲ್ ಮಂಡಲಿಗೆ ಮೊರೆಯಿಟ್ಟಿತು. ಭಾರತ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಏಳು ಮತ ಬಿದ್ದವು, ವಿರೋಧವಾಗಿ ನಾಲ್ಕು. ರಷ್ಯಾದ ವೀಟೊ ನಿರ್ಣಯವನ್ನು ಕೆಡವಿತು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಉಳಿದ ಮೂವರು ಯಾರು? ಸಿಂಹಳ, ಲೈಬೀರಿಯ, ಸಂಯುಕ್ತ ಅರಬ್ ಗಣರಾಜ್ಯ. ಈ ಮೂರು ಚುನಾಯಿತ ದೇಶಗಳು ವಸಾಹತುಶಾಹಿ ಎಂಬುದೇ ಮೂಲ ಆಕ್ರಮಣವೆಂಬ ಪಕ್ಷವನ್ನು ಹಿಡಿಯದೆ ಹೋಗಿದ್ದರೆ ಗೋವೆಯ ವಿಮೋಚನೆಯು ರಷ್ಯಾದ ಕೃಪೆಯಂತೆ ಮಾತ್ರ ಕಾಣುತ್ತಿತ್ತು. ವೀಟೊ ಭಾರತವನ್ನು ಕಾಪಾಡಿತು, ಸರಿ. ಭಾರತದ ಮಾನವನ್ನು ಕಾಪಾಡಿದ್ದು ಸಣ್ಣವರ ಮೂರು ಮತಗಳು.

ಇನ್ನು ಆಕ್ಷೇಪಗಳಿಗೆ ಬರೋಣವಾಗಲಿ. ಸಣ್ಣ ದೇಶದ ಮತವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಬೆದರಿಸಿ ತಿರುಗಿಸಬಹುದು ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿಲ್ಲದಿಲ್ಲ. ೧೯೯೦ರ ನವೆಂಬರ್ ೨೯ರಂದು ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅನುಮತಿ ಕೊಡುವ ನಿರ್ಣಯಕ್ಕೆ ಯೆಮೆನ್ ವಿರೋಧವಾಗಿ ಮತ ಕೊಟ್ಟಿತು. ಆ ಬಡದೇಶಕ್ಕೆ ಕೊಡುತ್ತಿದ್ದ ನೆರವನ್ನು ಅಮೆರಿಕ ಕಡಿದುಹಾಕಿತು. ಮಂಡಲಿಯಲ್ಲಿರುವ ಎರಡು ವರ್ಷ ಬಡದೇಶಗಳಿಗೆ ಅಮೆರಿಕದ ನೆರವು ಶೇಕಡ ೫೯ರಷ್ಟು ಏರುವುದೆಂದು ೨೦೦೬ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಈ ಲೆಕ್ಕದಿಂದ ಕಳಂಕ ಯಾರಿಗೆ ತಟ್ಟುವುದು? ಲಂಚ ಕೊಡುವವರ ಕುರ್ಚಿ ಶಾಶ್ವತವಾಗಿರಲಿ, ಲಂಚಕ್ಕೆ ಒಳಗಾಗಬಹುದಾದವರು ಮಾತ್ರ ಹೊರಗಿರಲಿ ಎಂಬುದು ವಿಚಿತ್ರವಾದ ನೀತಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಮನೆಯವರನ್ನು ಓಡಿಸಿದಂತೆ.

ಅದಲ್ಲದೆ ಬಗ್ಗದವರ ಕಥೆಯೂ ಇದೆ. ೨೦೦೩ರ ಮಾರ್ಚಿಯಲ್ಲಿ ಇರಾಕಿನ ಮೇಲೆ ಯುದ್ಧ ಹೂಡಲು ಅಮೆರಿಕ ಮತ್ತು ಬ್ರಿಟನ್ ದೇಶಗಳಿಗೆ ಮಂಡಲಿಯ ಒಂಬತ್ತು ಮತಗಳು ಬೇಕಾಗಿದ್ದವು. ಅಂಗೋಲ, ಕ್ಯಾಮರೂನ್, ಚಿಲಿ, ಗಿನಿ, ಮೆಕ್ಸಿಕೊ, ಪಾಕಿಸ್ತಾನಗಳ ಮೇಲೆ ಬಿದ್ದ ಒತ್ತಾಯ ಎಷ್ಟೆಂಬುದನ್ನು ಅಂದಿನ ಪತ್ರಿಕೆಗಳನ್ನು ಓದಿದವರೆಲ್ಲ ಬಲ್ಲರು. ಈ ಆರು ದೇಶಗಳು ಒಪ್ಪಿಗೆ ಕೊಡಲಿಲ್ಲ. ಮಾರ್ಚ್ ೧೭ರಂದು ಕರಡು ನಿರ್ಣಯವನ್ನು ಹಿಂದಕ್ಕೆ ಪಡೆಯಬೇಕಾಯಿತು. ಯುದ್ಧವೇನೋ ನಡೆಯಿತು, ಲೋಕಸಮ್ಮತಿಯೆಂಬ ಮುದ್ರೆ ಮಾತ್ರ ಅದಕ್ಕೆ ದೊರೆಯಲಿಲ್ಲ. ಗಿನಿಯಂಥ ದರಿದ್ರ ದೇಶ ತನ್ನ ಮುದ್ರೆಯನ್ನು ಮಾರಲಿಲ್ಲವೆಂಬುದನ್ನು ಸಣ್ಣ ದೇಶಗಳೆಲ್ಲ ಮಾರಾಟಕ್ಕಿವೆಯೆನ್ನುವವರು ಗಮನಿಸುವುದು ಒಳ್ಳೆಯದು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ೧೯೯೪ರಲ್ಲಿ ರುವಾಂಡದಲ್ಲಿ ನರಮೇಧ ನಡೆದಾಗ ಆ ರುವಾಂಡ ಸರ್ಕಾರದ ಪ್ರತಿನಿಧಿಯೇ ಮಂಡಲಿಯ ಚುನಾಯಿತ ಪೀಠದಲ್ಲಿ ಕುಳಿತಿದ್ದನು. ಇದಕ್ಕಿಂತ ಹೇಯವಾದ ದೃಶ್ಯವನ್ನು ಆ ಸಭಾಂಗಣ ಕಂಡಿರಲಾರದು. ಸಣ್ಣ ದೇಶವೆಂದ ಮಾತ್ರಕ್ಕೆ ಧರ್ಮಿಷ್ಠವಾಗಿರುವುದೆಂದು ಯಾವ ಬುದ್ಧಿವಂತನೂ ಹೇಳನು. ಆದರೆ ಅದೇ ಮೇಜಿನಲ್ಲಿ ಆ ವರ್ಷ ಮತ್ತಾರು ಇದ್ದರೆಂಬುದನ್ನೂ ನೋಡಬೇಕು. ದೊಡ್ಡವರು ನರಮೇಧವೆಂಬ ಶಬ್ದವನ್ನೇ ಉಚ್ಚರಿಸಲು ಹಿಂಜರಿಯುತ್ತಿದ್ದಾಗ, ಅಲ್ಲಿನ ಶಾಂತಿಪಡೆಯನ್ನು ೨೭೦ ಜನಕ್ಕೆ ಇಳಿಸುವ ನಿರ್ಣಯ ಆಗಿಹೋದ ಆ ಏಪ್ರಿಲ್ ತಿಂಗಳಲ್ಲಿ, ನಡೆಯುತ್ತಿರುವುದನ್ನು ಅದರ ನಿಜವಾದ ಹೆಸರಿನಿಂದ ಕರೆಯಿರೆಂದು ಹಟ ಹಿಡಿದವರು ನ್ಯೂಜಿಲೆಂಡಿನ ಕೀಟಿಂಗ್, ಚೆಕ್ ಗಣರಾಜ್ಯದ ಕೊವಾಂಡ, ನೈಜೀರಿಯದ ಗಂಬಾರಿ. ಮೂವರೂ ಚುನಾಯಿತ ಪೀಠದವರೇ. ದುಷ್ಟನೊಬ್ಬ ಸರದಿಯಿಂದ ಬಂದರೆ ಸರದಿಯಿಂದಲೇ ಹೋಗುತ್ತಾನೆ. ಶಾಶ್ವತವಾಗಿ ಕುಳಿತವನು ದುಷ್ಟನಾದರೆ ಎಬ್ಬಿಸುವವರು ಯಾರು?

ಸೈನ್ಯದ ವಿಚಾರ ದಂಡಿನ ಜನರಿಗೆ ಹತ್ತಿರದ್ದು. ಸನ್ನದಿನ ೨೩ನೆಯ ವಿಧಿಯನ್ನು ಯಾರಾದರೂ ತೆರೆದು ನೋಡಬಹುದು. ಚುನಾಯಿತ ಸದಸ್ಯರನ್ನು ಆರಿಸುವಾಗ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಲೋಕದ ಶಾಂತಿರಕ್ಷಣೆಗೆ ಆ ದೇಶವು ಸಲ್ಲಿಸಿರುವ ಸೇವೆ; ಭೂಭಾಗಗಳ ಸಮಪಾಲು ಅನಂತರದ ಮಾತು. ಜನಸಂಖ್ಯೆಯ ಹೆಸರೂ ಅಲ್ಲಿಲ್ಲ, ಸಂಪತ್ತಿನ ಹೆಸರೂ ಇಲ್ಲ. ೪೪ನೆಯ ವಿಧಿ ಇನ್ನೂ ಸ್ಪಷ್ಟವಾಗಿದೆ: ಮಂಡಲಿಯ ಸದಸ್ಯವಲ್ಲದ ದೇಶದಿಂದ ಸೈನ್ಯವನ್ನು ಕೇಳುವ ಮುನ್ನ, ಆ ಸೈನ್ಯವನ್ನು ಹೇಗೆ ಬಳಸಬೇಕೆಂಬ ತೀರ್ಮಾನದಲ್ಲಿ ಪಾಲುಗೊಳ್ಳುವಂತೆ ಆ ದೇಶವನ್ನು ಕರೆಯಬೇಕು. ಕೆನಡದಂಥ ಮಧ್ಯಮ ದೇಶಗಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಾದಾಡಿ ಬರೆಸಿದ ಈ ವಿಧಿ ಇಂದಿನವರೆಗೆ ಹೆಚ್ಚುಕಡಿಮೆ ಕಾಗದದಲ್ಲಿಯೇ ಉಳಿದಿದೆ. ಶಾಂತಿಪಡೆಯ ಆಜ್ಞೆಯನ್ನು ಬರೆಯುವವರು ಒಬ್ಬರು, ಆ ಆಜ್ಞೆಯಂತೆ ಗುಂಡಿಗೆ ಎದೆಯೊಡ್ಡುವವರು ಮತ್ತೊಬ್ಬರು.

ಎರಡನೆಯವರಲ್ಲಿ ಭಾರತ ಅಗ್ರಗಣ್ಯ. ಗಾಜಾ, ಕಾಂಗೊ, ಲೆಬನಾನ್, ಸೂಡಾನ್ ಮೊದಲಾದ ಕಡೆಗಳಿಗೆ ಎರಡೂವರೆ ಲಕ್ಷಕ್ಕೂ ಮೀರಿ ಸೈನಿಕರನ್ನು ಕಳಿಸಿಕೊಟ್ಟಿದೆ. ೧೭೦ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿದೆ. ಹಲಸೂರಿನ ಕೆರೆಯ ದಂಡೆಯಲ್ಲಿ ತಲೆಮಾರುಗಳಿಂದ ತರಬೇತಾಗುವ ಮದ್ರಾಸ್ ಸ್ಯಾಪರ್ಸ್ ಸಿಪಾಯಿಗೆ, ಇಂದಿರಾನಗರದ ಡಿಫೆನ್ಸ್ ಕಾಲನಿಯಲ್ಲಿ ನಿವೃತ್ತರಾಗಿ ಕುಳಿತ ಅಧಿಕಾರಿಗೆ, ನೀಲಿ ಟೋಪಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಹಕ್ಕು ಭಾರತದೊಂದರದೇ ಅಲ್ಲ. ನೇಪಾಳ ಇಂದು ಭಾರತಕ್ಕೆ ಸರಿಸಮನಾಗಿ ಸೈನಿಕರನ್ನು ಕಳಿಸುತ್ತಿರುವ ದೇಶ. ಅದಕ್ಕೆ ಪೀಠ ದೊರೆತದ್ದು ಎರಡೇ ಸಲ, ಕಡೆಯದು ೧೯೮೮–೮೯ರಲ್ಲಿ. ಹತ್ತು ಲಕ್ಷದೊ­ಳಗಿನ ಜನರ ಫಿಜಿ ದ್ವೀಪಗಳು ೧೯೭೮ರಿಂದ ಲೆಬನಾನಿನಲ್ಲಿ ಮಕ್ಕಳನ್ನು ಕಳೆದುಕೊಂಡವು. ಅವುಗಳಿಗೆ ಒಮ್ಮೆಯೂ ದೊರೆತಿಲ್ಲ. ಭಾರತವು ತನ್ನ ಸಿಪಾಯಿಗಳ ರಕ್ತವನ್ನು ತೋರಿಸಿ ಕಾಯಂ ಪೀಠ ಕೇಳುವುದು ನ್ಯಾಯವಾದರೆ, ಫಿಜಿ ತನ್ನ ಸಿಪಾಯಿಗಳ ರಕ್ತವನ್ನು ತೋರಿಸಿ ಎರಡು ವರ್ಷ ಕೇಳುವುದು ನಗೆಪಾಟಲು ಹೇಗಾದೀತು?

ದೆಹಲಿಯ ನೀತಿಯ ವಿಷಯವಾಗಿ ಎರಡು ಮಾತು ಹೇಳದೆ ಗತ್ಯಂತರವಿಲ್ಲ. ಬ್ರೆಜಿಲ್, ಜರ್ಮನಿ, ಜಪಾನುಗಳೊಂದಿಗೆ ಸೇರಿ ಭಾರತವು ೨೦೦೫ರಲ್ಲಿ ಮಂಡಿಸಿದ ಯೋಜನೆಯಲ್ಲಿ ಹೊಸ ಕಾಯಂ ಪೀಠಗಳು ಆರು, ಚುನಾಯಿತ ಪೀಠಗಳು ನಾಲ್ಕು. ಪಂಕ್ತಿಭೇದದಿಂದ ನೊಂದವನು ಪಂಕ್ತಿಭೇದವನ್ನೇ ತೆಗೆಯಬೇಕೆನ್ನದೆ, ತನ್ನ ಎಲೆಯನ್ನು ಮೊದಲ ಸಾಲಿಗೆ ಹಾಕಿರೆಂದು ಕೇಳಿದಂತಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ; ಸೊಸೆಯಾಗಿ ಪಟ್ಟ ಪಾಡನ್ನು ಅತ್ತೆಯಾದೊಡನೆ ಮರೆಯುವ ಆತುರ ಇಲ್ಲಿ ಕಾಣುತ್ತದೆ. ಆ ಯೋಜನೆ ಮತಕ್ಕೆ ಹೋಗುವ ಮೊದಲೇ ಮುಗ್ಗರಿಸಿತು. ಇಷ್ಟು ವರ್ಷಗಳಲ್ಲಿ ನಿಜವಾಗಿ ನಡೆದ ಸುಧಾರಣೆ ಒಂದೇ ಒಂದು: ೧೯೬೩ರ ಡಿಸೆಂಬರ್ ೧೭ರಂದು ಚುನಾಯಿತ ಪೀಠಗಳನ್ನು ಆರರಿಂದ ಹತ್ತಕ್ಕೆ ಏರಿಸುವ ನಿರ್ಣಯವು ಮಹಾಸಭೆಯಲ್ಲಿ ೯೭ಕ್ಕೆ ೧೧ ಮತಗಳಿಂದ ಗೆದ್ದಿತು. ಕಾಯಂ ಐವರಲ್ಲಿ ಅಂದು ಪರವಾಗಿ ಮತ ಕೊಟ್ಟದ್ದು ತೈವಾನಿನ ಚೀನವೊಂದೇ. ರಷ್ಯಾ, ಫ್ರಾನ್ಸ್ ವಿರೋಧಿಸಿದವು, ಅಮೆರಿಕ, ಬ್ರಿಟನ್ ಸುಮ್ಮನಿದ್ದವು. ಆದರೂ ಎರಡು ವರ್ಷದೊಳಗೆ, ೧೯೬೫ರ ಆಗಸ್ಟಿನ ಹೊತ್ತಿಗೆ, ಐದೂ ದೇಶಗಳು ಅದನ್ನು ಅಂಗೀಕರಿಸಬೇಕಾಯಿತು. ಹೊಸದಾಗಿ ಸ್ವತಂತ್ರವಾದ ಏಷ್ಯಾ ಆಫ್ರಿಕಗಳ ಸಣ್ಣ ದೇಶಗಳು ಒಟ್ಟಾಗಿ ನಿಂತದ್ದರ ಫಲವಿದು. ಚುನಾಯಿತ ಪೀಠಗಳ ದಾರಿಯಲ್ಲಿ ಬಾಗಿಲು ಒಮ್ಮೆ ತೆರೆದಿದೆ. ಕಾಯಂ ಪೀಠಗಳ ದಾರಿಯಲ್ಲಿ ಇದುವರೆಗೆ ಗೋಡೆಯೇ ಸಿಕ್ಕಿದೆ.

ಭಾರತವೇ ಎಂಟು ಸಲ ಈ ಬಾಗಿಲಿನಿಂದ ಒಳಹೊಕ್ಕಿದೆ, ಕಡೆಯ ಸಲ ೨೦೨೧–೨೨ರಲ್ಲಿ. ೨೦೨೮–೨೯ಕ್ಕೆ ಮತ್ತೆ ಉಮೇದುವಾರಿಕೆಯನ್ನು ಸಾರಿದೆ. ೧೯೯೬ರಲ್ಲಿ ಜಪಾನಿನ ಎದುರು ೧೪೨ಕ್ಕೆ ೪೦ ಮತಗಳಿಂದ ಸೋತದ್ದೂ ಉಂಟು. ೨೦೨೦ರಲ್ಲಿ ೧೮೪ ಮತಗಳಿಂದ ಗೆದ್ದದ್ದೂ ಉಂಟು. ಆ ೧೮೪ರಲ್ಲಿ ಬಹುಪಾಲು ಯಾರ ಮತಗಳು? ಯಾರನ್ನು ಕಂಡು ಇಲ್ಲಿ ನಗಲಾಗುವುದೋ ಅವರವೇ. ಇಂಥವರ ಬೆಂಬಲದಿಂದ ಒಳಗೆ ಹೋಗುವ ದೇಶವು, ತನ್ನ ಕಾಯಂ ಪೀಠದ ಹಟವನ್ನು ಬದಿಗಿಟ್ಟು, ಚುನಾಯಿತ ಪೀಠಗಳು ಹೆಚ್ಚಬೇಕು, ಒಮ್ಮೆಯೂ ಒಳಹೊಗದ ದೇಶಗಳಿಗೆ ಮೊದಲ ಸರದಿ ಸಿಕ್ಕಬೇಕು, ೪೪ನೆಯ ವಿಧಿ ಆಚರಣೆಗೆ ಬರಬೇಕು ಎಂದು ಮುಂದೆ ನಿಂತು ವಾದಿಸಿದರೆ ಅದಕ್ಕೆ ನಷ್ಟವೇನು? ವೀಟೊ ಸಿಕ್ಕದೆ ಹೋಗಬಹುದು. ಅದು ಈಗಲೂ ಸಿಕ್ಕಿಲ್ಲ.

ಸಣ್ಣವರಿಂದ ಏನಾದೀತೆಂದು ಇನ್ನೂ ಕೇಳುವವರಿಗೆ ಲೀಖ್ಟೆನ್‌ಸ್ಟೈನ್ ಎಂಬ ದೇಶದ ಹೆಸರನ್ನು ಹೇಳಬಹುದು. ಅಲ್ಲಿನ ಜನ ನಲವತ್ತು ಸಾವಿರದ ಆಸುಪಾಸು; ಕೃಷ್ಣರಾಜಪುರದ ಕ್ಷೇತ್ರದಲ್ಲಿ ಅದರ ಹಲವು ಪಟ್ಟು ಮತದಾರರಿದ್ದಾರೆ. ಮಂಡಲಿಯಲ್ಲಿ ಅದು ಎಂದೂ ಕುಳಿತಿಲ್ಲ. ೨೦೨೨ರ ಏಪ್ರಿಲ್ ೨೬ರಂದು ಅದು ಮುಂದಾಗಿ ನಿಂತು ತಂದ ನಿರ್ಣಯದಂತೆ, ಯಾವ ದೇಶ ವೀಟೊ ಚಲಾಯಿಸಿದರೂ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದನ್ನು ಚರ್ಚಿಸಬೇಕು. ಎಪ್ಪತ್ತೇಳು ವರ್ಷ ಯಾರಿಗೂ ಉತ್ತರ ಹೇಳಬೇಕಾಗಿರದ ಅಧಿಕಾರವು ಈಗ ಎದ್ದು ನಿಂತು ಕಾರಣ ಹೇಳಬೇಕಾಗಿದೆ. ಇದನ್ನು ಮಾಡಿಸಿದ್ದು ಕಾಯಂ ಪೀಠ ಬೇಡುತ್ತಿರುವ ನಾಲ್ಕು ದೊಡ್ಡ ದೇಶಗಳಲ್ಲಿ ಒಂದೂ ಅಲ್ಲ.

ರಿಚ್ಮಂಡ್ ರಸ್ತೆಗೆ ಈಗ ಜನರಲ್ ತಿಮ್ಮಯ್ಯನವರ ಹೆಸರಿದೆ. ಮಡಿಕೇರಿಯಲ್ಲಿ ಹುಟ್ಟಿ ದಂಡಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಆ ವೀರರು, ಕೊರಿಯದ ಯುದ್ಧ ಮುಗಿದ ಮೇಲೆ ೧೯೫೩–೫೪ರಲ್ಲಿ ಸೆರೆಯಾಳುಗಳ ಇತ್ಯರ್ಥಕ್ಕೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಮೂರು ವರ್ಷ ಭಾರತದ ದೊಡ್ಡ ಹುದ್ದೆಗಳಿಂದ ದೂರವಿದ್ದು, ಹಿಂದೆ ಭೂಸೇನೆಯ ಮುಖ್ಯಸ್ಥರಾಗಿದ್ದ ಹಿರಿಮೆಯನ್ನು ಬದಿಗಿಟ್ಟು, ೧೯೬೪ರ ಜುಲೈಯಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಪಡೆಯ ದಳಪತಿಗಳಾಗಿ ಹೋದರು. ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಇರಿಯುತ್ತಿದ್ದ ಆ ಪುಟ್ಟ ನಾಡಿನಲ್ಲಿ ಎರಡೂ ಕಡೆಯ ವಿಶ್ವಾಸವನ್ನು ಗಳಿಸಿ, ೧೯೬೫ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ೧೯೬೪ರಲ್ಲಿ ಅಲ್ಲಿ ಇಳಿದ ಶಾಂತಿಪಡೆ ಅಲ್ಲಿಂದ ಇನ್ನೂ ಕದಲಿಲ್ಲ. ಅದರ ಅವಧಿಯನ್ನು ಮಂಡಲಿಯು ಮತ್ತೆ ಮತ್ತೆ ಮುಂದುವರಿಸುತ್ತ ಬಂದಿದೆ. ೧೯೬೦ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದ ಸೈಪ್ರಸ್ಸಿಗೆ ಆ ಮಂಡಲಿಯಲ್ಲಿ ಇದುವರೆಗೆ ಒಂದು ದಿನವೂ ಪೀಠ ದೊರೆತಿಲ್ಲ.